ಉದ್ದ ರಜೆ ಯಾವಾಗ ಹಾಕಬೇಕು? ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕುವ ಬಗೆ

ಹೊಸ ಕ್ಯಾಲೆಂಡರ್ ಗೋಡೆಗೆ ಬಂದ ದಿನ ಎಲ್ಲರೂ ಮಾಡುವ ಮೊದಲ ಕೆಲಸ ಕೆಂಪು ಅಂಕೆ ಎಣಿಸುವುದು. ಯಾವ ಹಬ್ಬ ಶುಕ್ರವಾರ ಬಂತು, ಯಾವುದು ಭಾನುವಾರದ ಪಾಲಾಯಿತು ಅಂತ. ಎರಡು ಮೂರು ದಿನದ ಓಡಾಟಕ್ಕೆ ಇಷ್ಟು ಸಾಕು, ಎರಡು ವಾರದ ರಜೆಗೆ ಸಾಲದು. ಉದ್ದ ರಜೆಯ ಲೆಕ್ಕ ಉಲ್ಟಾ ನಡೆಯಬೇಕು: ಒಳ್ಳೆಯ ದಿನ ಹುಡುಕುತ್ತ ಕೂರಬೇಡಿ, ಆಗದ ದಿನಗಳನ್ನು ಒಂದೊಂದಾಗಿ ಹೊಡೆದು ಹಾಕಿ. ಕೊನೆಗೆ ವರ್ಷದಲ್ಲಿ ಮೂರೋ ನಾಲ್ಕೋ ಕಿಂಡಿ ಉಳಿಯುತ್ತವೆ. ಆರಿಸಬೇಕಾದದ್ದು ಅವುಗಳಲ್ಲಿ ಮಾತ್ರ.

ಇಲ್ಲಿ ಉದ್ದ ರಜೆ ಅಂದರೆ ಒಂಬತ್ತರಿಂದ ಹದಿನಾರು ದಿನ. ಒಂಬತ್ತಕ್ಕಿಂತ ಕಡಿಮೆಯಾದರೆ ಮೊದಲ ಎರಡು ದಿನ ಆಫೀಸಿನ ಗುಂಗಿನಲ್ಲಿ, ಕೊನೆಯ ಎರಡು ದಿನ ವಾಪಸು ಹೋಗುವ ಚಿಂತೆಯಲ್ಲಿ ಕಳೆದು, ನಡುವೆ ಉಳಿಯುವುದು ಅಷ್ಟಕ್ಕಷ್ಟೇ. ನೆದರ್ಲೆಂಡ್ಸ್‌ನಲ್ಲಿ ದೀರ್ಘ ರಜೆ ಹೋದ ಉದ್ಯೋಗಿಗಳನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜನರ ನೆಮ್ಮದಿ ತುದಿ ಮುಟ್ಟಿದ್ದು ಎಂಟನೇ ದಿನದ ಹೊತ್ತಿಗೆ. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ಹಳೆಯ ಮಟ್ಟಕ್ಕೆ ಇಳಿದಿತ್ತು. ಹಾಗಾಗಿ ತಿಂಗಳುಗಟ್ಟಲೆ ರಜೆ ಕೂಡಿಟ್ಟು ಒಂದೇ ಸಲ ಸುರಿಯುವುದಕ್ಕಿಂತ ವರ್ಷಕ್ಕೊಂದು ಹದವಾದ ಕಂತು ಲೇಸು.

ಮೊದಲು ಖಾತೆಯಲ್ಲಿ ಎಷ್ಟಿದೆ ನೋಡಿ

ರಜೆ ಎಷ್ಟಿದೆ ಅನ್ನುವುದರ ಜೊತೆಗೆ ಅದನ್ನು ಹೇಗೆ ಎಣಿಸುತ್ತಾರೆ ಅನ್ನುವುದನ್ನೂ ತಿಳಿದುಕೊಳ್ಳಿ. ಇಡೀ ಯೋಜನೆ ಈ ಎಣಿಕೆಯ ಮೇಲೆ ನಿಂತಿದೆ.

ಬೆಂಗಳೂರಿನ ಬಹುಪಾಲು ಖಾಸಗಿ ಕಚೇರಿಗಳು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಬರುತ್ತವೆ. ದುಡಿದ 20 ದಿನಕ್ಕೆ ಒಂದು ದಿನ ಸಂಬಳದ ರಜೆ ಅದರ ಲೆಕ್ಕ. ಕಾರ್ಖಾನೆಯವರಿಗೆ 1948ರ ಕಾಯ್ದೆಯಲ್ಲೂ ಇದೇ ಪ್ರಮಾಣ, ಆದರೆ ವರ್ಷದಲ್ಲಿ 240 ದಿನ ಕೆಲಸ ಮಾಡಿರಬೇಕಿತ್ತು. 2020ರ ಕಾರ್ಮಿಕ ಸಂಹಿತೆ ಅದನ್ನು 180ಕ್ಕೆ ಇಳಿಸಿತು. ಇದು ಕಾನೂನಿನ ಕನಿಷ್ಠ. ನಿಮ್ಮ ಕಂಪನಿ ಹೆಚ್ಚು ಕೊಡುತ್ತಿರಬಹುದು, ಅದು ನೇಮಕಾತಿ ಪತ್ರದಲ್ಲೋ ರಜಾ ನಿಯಮದಲ್ಲೋ ಇರುತ್ತದೆ.

ರಾಜ್ಯ ಸರ್ಕಾರಿ ನೌಕರರಿಗೆ ಗಳಿಕೆ ರಜೆ ವರ್ಷಕ್ಕೆ 30. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮೆಯಾಗುತ್ತದೆ, ಕೂಡಿಡುವ ಮಿತಿ 300 ದಿನ. 2019ರಲ್ಲಿ ನಾಲ್ಕನೇ ಶನಿವಾರ ರಜೆಯಾದಾಗ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಸಾಂದರ್ಭಿಕ ರಜೆಗೂ ಗಳಿಕೆ ರಜೆಗೂ ಗಂಟು ಹಾಕಲು ಬರುವುದಿಲ್ಲ. ‘ನಾಲ್ಕು ಸಿ.ಎಲ್., ಎಂಟು ಇ.ಎಲ್.’ ಅಂತ ಜೋಡಿಸಿ ಅರ್ಜಿ ಹಾಕಿದರೆ ಮೇಜಿನ ಮೇಲಿಂದಲೇ ವಾಪಸು ಬರುತ್ತದೆ.

ಖಾಸಗಿಯವರು ಮೊದಲು ಕೇಳಬೇಕಾದ ಪ್ರಶ್ನೆ: ನಮ್ಮಲ್ಲಿ ಸ್ಯಾಂಡ್‌ವಿಚ್ ನಿಯಮ ಇದೆಯೇ? ಅಂದರೆ ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಶನಿ, ಭಾನುವಾರವನ್ನೂ ರಜೆಯೆಂದೇ ಕಡಿಯುತ್ತಾರೆಯೇ? ಹೌದಾದರೆ ಎರಡು ವಾರದ ರಜೆಗೆ 10 ದಿನದ ಬದಲು 12 ಹೋಗುತ್ತದೆ.

ಇನ್ನೊಂದು ಲೆಕ್ಕದಲ್ಲಿ ಬಹಳ ಜನ ಕೈ ಸುಟ್ಟುಕೊಳ್ಳುತ್ತಾರೆ. ರಜೆ ಉಳಿಸಿದರೆ ನಗದು ಸಿಗುತ್ತದೆ ಅಂತ ಇ.ಎಲ್. ಮುಟ್ಟದೆ, ಊರಿಗೆ ಹೋಗಲು ಲಾಸ್ ಆಫ್ ಪೇ (ಸಂಬಳವಿಲ್ಲದ ರಜೆ) ಹಾಕುವವರಿದ್ದಾರೆ. ಒಟ್ಟು ಸಂಬಳ 60,000, ಅದರಲ್ಲಿ ಬೇಸಿಕ್ 24,000 ಅಂತಿಟ್ಟುಕೊಳ್ಳಿ. ನಗದೀಕರಣ ಸಾಮಾನ್ಯವಾಗಿ ಬೇಸಿಕ್ ಮೇಲೆ: ದಿನಕ್ಕೆ 800 ರೂಪಾಯಿ. ಲಾಸ್ ಆಫ್ ಪೇ ಕಡಿತ ಒಟ್ಟು ಸಂಬಳದ ಮೇಲೆ: ದಿನಕ್ಕೆ 2,000. ದಿನವೊಂದಕ್ಕೆ 1,200 ರೂಪಾಯಿ ಕೈಯಾರೆ ಬಿಟ್ಟಂತಾಯಿತು. ಸಾಲದ್ದಕ್ಕೆ ಕೆಲಸದಲ್ಲಿರುವಾಗಲೇ ಪಡೆದ ನಗದೀಕರಣದ ಹಣಕ್ಕೆ ಪೂರ್ತಿ ಆದಾಯ ತೆರಿಗೆ ಇದೆ.

ಕಂಪನಿಯ ರಜಾ ವರ್ಷ ಡಿಸೆಂಬರಿಗೆ ಮುಗಿಯುತ್ತದೋ ಮಾರ್ಚಿಗೋ, ಎಷ್ಟು ದಿನ ಮುಂದಿನ ವರ್ಷಕ್ಕೆ ಹೋಗುತ್ತದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ವರ್ಷ ಮುಗಿಯುವ ತಿಂಗಳಲ್ಲಿ ರಜೆ ಕೇಳುವವರ ಸಾಲು ಉದ್ದ, ಮಂಜೂರಾಗುವುದು ಕಡಿಮೆ. ಉಳಿದ ರಜೆ ಸುಮ್ಮನೆ ಸತ್ತು ಹೋಗುತ್ತದೆ.

ಕೆಲಸದ ಕಡೆಯಿಂದ ಹೊಡೆದು ಹಾಕುವುದು

ಹನ್ನೆರಡು ತಿಂಗಳು ಒಂದೇ ಹಾಳೆಯಲ್ಲಿರುವ ಕ್ಯಾಲೆಂಡರ್ ತೆಗೆದುಕೊಳ್ಳಿ. ನೀವಿಲ್ಲದೆ ಕೆಲಸ ನಿಂತೇ ಹೋಗುವ ವಾರಗಳಿಗೆ ಮಾತ್ರ ಅಡ್ಡಗೆರೆ ಎಳೆಯಿರಿ. ‘ನಾನಿದ್ದರೆ ಒಳ್ಳೆಯದು’ ಅನ್ನಿಸುವ ವಾರಕ್ಕೆಲ್ಲ ಗೆರೆ ಎಳೆದರೆ ಹಾಳೆಯಲ್ಲಿ ಏನೂ ಉಳಿಯದು.

ಲೆಕ್ಕಪತ್ರ ವಿಭಾಗದವರಿಗೆ ತಿಂಗಳೇ ಒಂದು ಬಲೆ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿಆರ್-3ಬಿ. ಆದರೆ ಗಮನಿಸಿ, 21ರಿಂದ ಮುಂದಿನ ತಿಂಗಳ 6ರವರೆಗೆ ಹದಿನಾರು ದಿನದ ಬಯಲಿದೆ. ಸಂಬಳದ ಪಟ್ಟಿಯೂ ನಿಮ್ಮದೇ ಆದರೆ ಅದೊಂದನ್ನು ಮೊದಲೇ ಇನ್ನೊಬ್ಬರ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿರಬೇಕು. ಆಡಿಟರ್ ಕಚೇರಿಗಳಲ್ಲಿ ಜುಲೈಯಿಂದ ಅಕ್ಟೋಬರ್ ಮುಗಿಯುವ ತನಕ ಉಸಿರಾಡಲು ಬಿಡುವಿಲ್ಲ, ಡಿಸೆಂಬರ್ 31ಕ್ಕೆ ಜಿಎಸ್‌ಟಿ ವಾರ್ಷಿಕ ರಿಟರ್ನ್. ಅವರ ಕಿಂಡಿ ಜನವರಿ ನಡುವಿನಿಂದ ಫೆಬ್ರುವರಿ. ಗಡುವಿನ ಮರುದಿನಕ್ಕೇ ಟಿಕೆಟ್ ಮಾಡುವುದು ಇಲ್ಲಿನ ದೊಡ್ಡ ತಪ್ಪು. 2025ರಲ್ಲಿ ಜುಲೈ 31ರ ರಿಟರ್ನ್ ಗಡುವು ಸೆಪ್ಟೆಂಬರಿಗೆ ಹೋದಾಗ, ಆಗಸ್ಟಿಗೆ ರಜೆ ಇಟ್ಟುಕೊಂಡಿದ್ದವರಿಗೆ ಕೆಲಸ ಮುಗಿದಿರಲೇ ಇಲ್ಲ.

ಸಾಫ್ಟ್‌ವೇರ್‌ನಲ್ಲಿ ಗ್ರಾಹಕರು ಯಾವ ದೇಶದವರು ಅನ್ನುವುದೇ ನಿರ್ಣಾಯಕ. ಅಮೆರಿಕದ ಚಿಲ್ಲರೆ ವ್ಯಾಪಾರದ ಕಂಪನಿಗಳು ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ ಹೊಸ ಕೋಡ್ ಬಿಡುವುದನ್ನು ನಿಲ್ಲಿಸುವುದು ರೂಢಿ. ಡೆವಲಪರುಗಳಿಗೆ ಅದು ಬಿಡುವು, ಸಪೋರ್ಟ್‌ನವರಿಗೆ ವರ್ಷದ ಅತಿ ಬಿಗಿ ಕಾಲ. ಒಂದೇ ತಂಡದಲ್ಲಿದ್ದರೂ ಇಬ್ಬರಿಗೂ ಒಂದೇ ಸಲಹೆ ಹೊಂದದು. ಅಪ್ರೈಸಲ್ ಮಾತುಕತೆಯ ಎರಡು ವಾರ ಮಾತ್ರ ಯಾರೇ ಆಗಲಿ ಊರಲ್ಲಿರಿ. ಫೋನಿನಲ್ಲಿ ವಾದಿಸಿ ಗೆದ್ದವರು ಕಡಿಮೆ.

ಸರ್ಕಾರಿ ಕಚೇರಿಗಳಲ್ಲಿ ಮಾರ್ಚ್ ಬಿಲ್ಲುಗಳ ತಿಂಗಳು, ಅದನ್ನು ಪೂರ್ತಿ ಹೊಡೆದು ಹಾಕಿ. ಸಚಿವಾಲಯ ಮತ್ತು ಇಲಾಖಾ ಮುಖ್ಯ ಕಚೇರಿಯವರು ಅಧಿವೇಶನದ ದಿನಗಳನ್ನೂ ಸೇರಿಸಿ, ಬೆಳಗಾವಿಯ ಚಳಿಗಾಲದ ಅಧಿವೇಶನವನ್ನು ಮರೆಯಬೇಡಿ. ಬ್ಯಾಂಕಿನವರದು ವಿಚಿತ್ರ ಸ್ಥಿತಿ: ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ, ಮುನ್ಸೂಚನೆಯಿಲ್ಲದೆ ರಜೆಗೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ. ವಂಚನೆ ಪತ್ತೆಗೆಂದು ಮಾಡಿದ ನಿಯಮವಿದು, ಆರಾಮಕ್ಕಲ್ಲ. ಅದನ್ನು ನಂಬಿ ಟಿಕೆಟ್ ಮಾಡಲಾಗದು. ಸಿಕ್ಕಾಗ ಹತ್ತಿರದ ಊರಿಗೆ ಹೊರಡಲು ಚೀಲ ಸಿದ್ಧವಿರಲಿ.

ಪ್ರೊಬೇಷನ್ ಅವಧಿ ಮತ್ತು ನೋಟಿಸ್ ಅವಧಿಯಲ್ಲಿ ಉದ್ದ ರಜೆಯ ಆಸೆ ಬೇಡ. ನೋಟಿಸ್ ಅವಧಿಯಲ್ಲಿ ಹಾಕಿದ ರಜೆಯಷ್ಟೇ ದಿನ ಬಿಡುಗಡೆಯನ್ನು ಮುಂದೂಡುವ ಕಂಪನಿಗಳುಂಟು. ಕೆಲಸ ಬದಲಿಸುವುದಾದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಎರಡು ವಾರ ಖಾಲಿ ಬಿಡಿ. ಯಾರ ಮೇಲ್ ಕೂಡ ಬರದ ರಜೆ ಅಂದರೆ ಅದೊಂದೇ.

ಮನೆಯ ಗೆರೆಗಳು

ಶಾಲೆಗೆ ಹೋಗುವ ಮಕ್ಕಳಿದ್ದರೆ ಹಾಳೆ ಬೇಗ ತುಂಬುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ದಸರಾ ರಜೆ ಎರಡು ವಾರದ ಮೇಲೆ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ವೇಳಾಪಟ್ಟಿ ಬೇರೆ, ದಸರಾ ರಜೆ ಅಲ್ಲಿ ಮೊಟಕು. ಅಣ್ಣನ ಮಕ್ಕಳು ಒಂದು ಬೋರ್ಡು, ತಂಗಿಯ ಮಕ್ಕಳು ಇನ್ನೊಂದು ಅಂತಿದ್ದು ಎಲ್ಲರೂ ಒಟ್ಟಿಗೆ ಅಜ್ಜಿ ಮನೆಯಲ್ಲಿ ಸೇರಬೇಕಾದರೆ, ಎರಡೂ ರಜೆ ಒಂದರ ಮೇಲೊಂದು ಬರುವ ದಿನಗಳನ್ನು ಶಾಲೆಯ ಡೈರಿ ನೋಡಿಯೇ ಗುರುತಿಸಬೇಕು.

ಊರಲ್ಲಿ ತೋಟ, ಗದ್ದೆ ಇರುವವರಿಗೆ ಇನ್ನೊಂದು ಗೆರೆ. ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋದರೆ ಅದು ರಜೆಯಲ್ಲ, ಕೆಲಸದ ಸ್ಥಳ ಬದಲಾವಣೆ. ಹಾಗೆ ಹೋಗಲೇಬೇಕಿದ್ದರೆ ಆ ನಾಲ್ಕೈದು ದಿನವನ್ನು ಬೇರೆ ಇಟ್ಟು, ಉಳಿದ ರಜೆಯಲ್ಲಿ ಈ ಯೋಜನೆ ಮಾಡಿ. ಎರಡನ್ನೂ ಕಲಸಿದರೆ ಮನೆಯವರಿಗೂ ಸಮಾಧಾನವಿಲ್ಲ, ನಿಮಗೂ ಇಲ್ಲ.

ಹಬ್ಬವನ್ನು ಎಲ್ಲಿ ಕೂರಿಸಬೇಕು

ಒಂದು ಸಣ್ಣ ಗುಟ್ಟು: ಮೇ 1, ಅಕ್ಟೋಬರ್ 2, ಡಿಸೆಂಬರ್ 25 ಯಾವ ವರ್ಷವಾದರೂ ವಾರದ ಒಂದೇ ದಿನಕ್ಕೆ ಬರುತ್ತವೆ. ಆಗಸ್ಟ್ 15 ವಾರದಲ್ಲಿ ಅದರ ಮರುದಿನಕ್ಕೆ, ನವೆಂಬರ್ 1 ಅದರಾಚಿನ ದಿನಕ್ಕೆ. 2026ರಲ್ಲಿ ಮೂರೂ ಶುಕ್ರವಾರ, ಆದರೆ ಸ್ವಾತಂತ್ರ್ಯ ದಿನ ಶನಿವಾರ, ರಾಜ್ಯೋತ್ಸವ ಭಾನುವಾರ. 2027ರಲ್ಲಿ ಮೂರೂ ಶನಿವಾರ, ಐದು ದಿನದ ಕಚೇರಿಯವರಿಗೆ ಒಂದೂ ದಕ್ಕದು. 2028ರಲ್ಲಿ ಮೂರೂ ಸೋಮವಾರ. ಅಂದರೆ ಮೇ 1 ಯಾವ ವಾರ ಅಂತ ನೋಡಿದರೆ ಸಾಕು, ಆ ವರ್ಷದ ಅರ್ಧ ಜಾತಕ ಗೊತ್ತಾಗುತ್ತದೆ.

ಇನ್ನು ದಸರಾ. 2026ರಲ್ಲಿ ಆಯುಧಪೂಜೆ ಅಕ್ಟೋಬರ್ 20, ಮಂಗಳವಾರ. ವಿಜಯದಶಮಿ 21, ಬುಧವಾರ. ಸ್ಯಾಂಡ್‌ವಿಚ್ ನಿಯಮವಿಲ್ಲದ, ಶನಿವಾರ ರಜೆಯಿರುವ ಖಾಸಗಿ ಕಚೇರಿಯವರು 19, 22, 23ಕ್ಕೆ ಮೂರು ರಜೆ ಹಾಕಿದರೆ 17ರಿಂದ 25ರವರೆಗೆ ಒಂಬತ್ತು ದಿನ. ಅದಕ್ಕೆ 12ರಿಂದ 16ರ ಐದು ದಿನ ಸೇರಿಸಿದರೆ ಎಂಟು ರಜೆಗೆ 10ರಿಂದ 25ರವರೆಗೆ ಹದಿನಾರು ದಿನ. ಹಬ್ಬದ ಮುಂದಿನ ವಾರಕ್ಕಿಂತ ಹಿಂದಿನ ವಾರವನ್ನೇ ಸೇರಿಸಿ, ಯಾಕೆಂದರೆ ಮಕ್ಕಳ ದಸರಾ ರಜೆಯ ಹೆಚ್ಚು ಪಾಲು ವಿಜಯದಶಮಿಗೆ ಮೊದಲೇ ಬರುತ್ತದೆ.

ಇದೇ ಲೆಕ್ಕ ಸರ್ಕಾರಿ ನೌಕರರಿಗೆ ನಷ್ಟ. ಗಳಿಕೆ ರಜೆಯ ನಡುವೆ ಸಿಕ್ಕಿದ ಭಾನುವಾರ, ಹಬ್ಬ ಎಲ್ಲವೂ ರಜೆಯಲ್ಲೇ ಕಳೆದುಹೋಗುತ್ತದೆ. 12ರಿಂದ 23ರವರೆಗೆ ಹಾಕಿದರೆ ಹನ್ನೆರಡು ಗಳಿಕೆ ರಜೆ ಖರ್ಚು. ಬದಲಿಗೆ 12ರಿಂದ 19ರವರೆಗೆ ಎಂಟು ದಿನ ಮಾತ್ರ ಹಾಕಿ, ಹಿಂದಿನ ಎರಡನೇ ಶನಿವಾರ ಮತ್ತು ಭಾನುವಾರ (10, 11), ಮುಂದಿನ ಆಯುಧಪೂಜೆ ಮತ್ತು ವಿಜಯದಶಮಿ (20, 21) ಈ ನಾಲ್ಕನ್ನೂ ಸೇರಿಸಿಕೊಳ್ಳಲು ಅದೇ ಅರ್ಜಿಯಲ್ಲಿ ಅನುಮತಿ ಕೇಳಿ. ಎಂಟು ರಜೆಗೆ ಹನ್ನೆರಡು ದಿನ ಸಿಗುತ್ತದೆ. ಖಾಸಗಿಯವರ ಹಬ್ಬ ರಜೆಯ ಹೊಟ್ಟೆಯಲ್ಲಿರಲಿ, ಸರ್ಕಾರಿಯವರ ಹಬ್ಬ ರಜೆಯ ತಲೆ, ಬಾಲದಲ್ಲಿರಲಿ. ಸ್ಯಾಂಡ್‌ವಿಚ್ ನಿಯಮವಿರುವ ಕಂಪನಿಯವರು ಸರ್ಕಾರಿಯವರ ದಾರಿಯನ್ನೇ ಹಿಡಿಯಬಹುದು, ಆದರೆ ತುದಿಯ ರಜಾದಿನಗಳನ್ನು ಕಡಿಯುವುದಿಲ್ಲ ಅಂತ ಎಚ್‌ಆರ್ ಕಡೆಯಿಂದ ಖಚಿತಪಡಿಸಿಕೊಳ್ಳಿ.

ಹಬ್ಬವಿಲ್ಲದ ಕಿಂಡಿಗಳು

ಹಬ್ಬದ ವಾರದಲ್ಲಿ ರಜೆ ಉಳಿಯುತ್ತದೆ, ದುಡ್ಡು ಉಳಿಯುವುದಿಲ್ಲ. ಬಸ್ಸಿನ ದರ, ರೂಮಿನ ಬಾಡಿಗೆ ಏರಿರುತ್ತವೆ, ತಂಡದಲ್ಲಿ ಅದೇ ವಾರಕ್ಕೆ ಇನ್ನಿಬ್ಬರು ಅರ್ಜಿ ಹಾಕಿರುತ್ತಾರೆ. ಮಕ್ಕಳ ಶಾಲೆಯ ಹಂಗಿಲ್ಲದವರು ಈ ನೂಕುನುಗ್ಗಲಿಗೆ ಸೇರುವುದು ದಡ್ಡತನ. ಅವರಿಗೆ ಒಳ್ಳೆಯ ಕಾಲ ಬೇರೆಯೇ ಇದೆ.

ದೀಪಾವಳಿ ಮುಗಿದ ವಾರದಿಂದ ಡಿಸೆಂಬರ್ ನಡುವಿನ ತನಕ ಇವುಗಳಲ್ಲಿ ಮೊದಲನೆಯದು. ಮಳೆ ನಿಂತಿರುತ್ತದೆ, ಚಳಿ ಹಿತವಾಗಿರುತ್ತದೆ, ಶಾಲೆಗಳು ನಡೆಯುತ್ತಿರುತ್ತವೆ. ಕೇರಳದ ಕಡೆ ಹೊರಟರೆ ಮಾತ್ರ ನವೆಂಬರ್ ನಡುವಿನಿಂದ ಶಬರಿಮಲೆ ಯಾತ್ರೆ ಶುರುವಾಗಿ ರೈಲು ತುಂಬಿರುತ್ತದೆ. ಎರಡನೆಯದು ಫೆಬ್ರುವರಿ. ಪರೀಕ್ಷೆಯ ಕಾಲವಾದ್ದರಿಂದ ಸಂಸಾರಸ್ಥರು ಮನೆ ಬಿಟ್ಟು ಕದಲುವುದಿಲ್ಲ, ಹಂಪಿ, ಬಾದಾಮಿಯ ಬಿಸಿಲು ಇನ್ನೂ ತಡೆಯುವಷ್ಟಿರುತ್ತದೆ. ಮೂರನೆಯದು ಪಿತೃಪಕ್ಷದ ಹದಿನೈದು ದಿನ. ಶುಭಕಾರ್ಯವಿಲ್ಲದ ಕಾರಣ ಜನರ ಓಡಾಟ ಕಡಿಮೆ, ಮಲೆನಾಡಿನಲ್ಲಿ ಮಳೆ ಇಳಿಮುಖ, ಜೋಗದಲ್ಲಿ ನೀರು ಇನ್ನೂ ಇರುತ್ತದೆ. ಮನೆಯಲ್ಲಿ ಶ್ರಾದ್ಧದ ತಿಥಿ ಯಾವತ್ತು ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಜುಲೈ, ಆಗಸ್ಟ್ ಅಗ್ಗವೇನೋ ಹೌದು. ಆದರೆ ಘಾಟಿ ರಸ್ತೆಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದು, ಚಾರಣದ ದಾರಿ ಮುಚ್ಚುವುದು ಇದೇ ತಿಂಗಳಲ್ಲಿ. ದಿನಕ್ಕೊಂದು ಊರು ಸುತ್ತುವ ಯೋಜನೆ ಇಲ್ಲಿ ಕೈಕೊಡುತ್ತದೆ. ಒಂದೇ ಮನೆಯಲ್ಲಿ ಕೂತು ಮಳೆ ನೋಡುವವರಿಗೆ ಮಾತ್ರ ಸರಿ.

ಡಿಸೆಂಬರ್ ಕೊನೆಯ ವಾರ ರಜೆ ಸಿಕ್ಕರೂ ರೂಮು ಸಿಗುವುದಿಲ್ಲ. ಅದನ್ನು ಮನೆಯಲ್ಲೇ ಕಳೆಯುವ ರಜೆಗೆ ಇಟ್ಟುಕೊಳ್ಳಿ.

ಗಲ್ಫ್‌ನಿಂದ ಕರಾವಳಿಗೆ ಬರುವವರಿಗೆ

ಯುಎಇಯಲ್ಲಿ ವರ್ಷ ಪೂರೈಸಿದವರಿಗೆ 30 ದಿನ ರಜೆಯುಂಟು. ಆದರೆ ದಿನಾಂಕ ಗೊತ್ತುಮಾಡುವ ಅಧಿಕಾರ ಕಂಪನಿಯದು, ಕನಿಷ್ಠ ಒಂದು ತಿಂಗಳು ಮೊದಲು ತಿಳಿಸಬೇಕು ಅಷ್ಟೇ. ಮಕ್ಕಳ ಶಾಲೆ ಮುಚ್ಚುವ ಜುಲೈ, ಆಗಸ್ಟಿನಲ್ಲಿ ಮಂಗಳೂರಿನ ವಿಮಾನದರ ಏರುತ್ತದೆ. ಬಂದು ಇಳಿದರೆ ಊರಲ್ಲಿ ತುಳುವರ ಆಟಿ ತಿಂಗಳು: ಮದುವೆಯಿಲ್ಲ, ಭೂತಕೋಲವಿಲ್ಲ, ಬಯಲಾಟವಿಲ್ಲ. ಕೋಲ, ಬಯಲಾಟಗಳ ಕಾಲ ಮುಗಿಸುವ ಪತ್ತನಾಜೆ ದಿನ ಮೇ ಕೊನೆಗೇ ಬಂದು ಹೋಗಿರುತ್ತದೆ, ಯಕ್ಷಗಾನ ಮೇಳಗಳು ಮತ್ತೆ ಗೆಜ್ಜೆ ಕಟ್ಟುವುದು ನವೆಂಬರಿನಲ್ಲಿ. ಮಕ್ಕಳಿಲ್ಲದೆ ಅಥವಾ ಒಬ್ಬರೇ ಬರುವವರು ಡಿಸೆಂಬರ್ ಜಂಗುಳಿ ತಪ್ಪಿಸಿ ಜನವರಿ ನಡುವಿನಿಂದ ಮಾರ್ಚ್ ಒಳಗೆ ಬನ್ನಿ. ಮನೆ ರಿಪೇರಿ, ಬಾವಿ ಕೆಲಸ, ಜಾಗದ ಅಳತೆ ಇದ್ದರಂತೂ ಒಣಹವೆಯ ಆ ತಿಂಗಳುಗಳೇ ಸರಿ.

75 ದಿನ ಮೊದಲು ಕೇಳಿ

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ದಸರಾ ಉದಾಹರಣೆಯಲ್ಲಿ ಅಕ್ಟೋಬರ್ 9ರ ಶುಕ್ರವಾರ ರಾತ್ರಿ ಹೊರಡುವ ರೈಲಿಗೆ ಬುಕಿಂಗ್ ತೆರೆಯುವುದು ಆಗಸ್ಟ್ 10ರ ಬೆಳಿಗ್ಗೆ 8ಕ್ಕೆ. 23ರ ಶುಕ್ರವಾರ ರಾತ್ರಿ ಮರಳುವ ರೈಲಿಗೆ ಆಗಸ್ಟ್ 24ಕ್ಕೆ. ಇವು ಎರಡು ಬೇರೆ ಬೇರೆ ಬೆಳಗು. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ಎರಡನೆಯದನ್ನು ಮರೆತು, ವಾಪಸು ಬರುವಾಗ ತತ್ಕಾಲ್‌ಗೆ ಕಾದು ಕೂರುವವರು ಪ್ರತಿ ಹಬ್ಬಕ್ಕೂ ಇರುತ್ತಾರೆ. ಎರಡಕ್ಕೂ ಫೋನಿನಲ್ಲಿ ಅಲಾರಂ ಇಡಿ.

ಬುಕಿಂಗ್ ತೆರೆಯುವ ಹೊತ್ತಿಗೆ ರಜೆ ಮಂಜೂರಾಗಿರಬೇಕು. ಹಾಗಾಗಿ ಹೊರಡುವುದಕ್ಕೆ 75 ದಿನ ಮೊದಲು ಕೇಳಿ. ಮೊದಲು ಬಾಯಿಮಾತಲ್ಲಿ, ಅದೇ ದಿನ ಬರಹದಲ್ಲಿ. ಮೇಲ್ ಇಷ್ಟಿದ್ದರೆ ಸಾಕು:

‘ಅಕ್ಟೋಬರ್ 12ರಿಂದ 23ರವರೆಗೆ ರಜೆ ಬೇಕಾಗಿದೆ (ಹಬ್ಬದ ದಿನ ಬಿಟ್ಟು 8 ಕೆಲಸದ ದಿನ). ಈ ಅವಧಿಯಲ್ಲಿ ಬರುವ ನನ್ನ ಕೆಲಸಗಳು ಮೂರು, ಪ್ರತಿಯೊಂದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಕೆಳಗೆ ಬರೆದಿದ್ದೇನೆ, ಅವರೊಂದಿಗೆ ಮಾತಾಡಿದ್ದೇನೆ. ಆಗಸ್ಟ್ 7ರೊಳಗೆ ತಿಳಿಸಿದರೆ ಟಿಕೆಟ್ ಮಾಡಲು ಅನುಕೂಲ.’

ಕಾರಣ ವಿವರಿಸಬೇಡಿ. ಅಜ್ಜಿಗೆ ಹುಷಾರಿಲ್ಲ, ಗೃಹಪ್ರವೇಶ ಅಂತೆಲ್ಲ ಬರೆದರೆ ರಜೆ ನಿಮ್ಮ ಹಕ್ಕಿನಿಂದ ಅವರ ಕರುಣೆಗೆ ಜಾರುತ್ತದೆ. ಮೇಲಿನವರಿಗೆ ಬೇಕಿರುವುದು ‘ಇವರಿಲ್ಲದಾಗ ಯಾರು’ ಎಂಬುದಕ್ಕೆ ಉತ್ತರ ಮಾತ್ರ. ತಂಡದಲ್ಲಿ ಅದೇ ವಾರಕ್ಕೆ ಇನ್ನೊಬ್ಬರ ಕಣ್ಣಿದ್ದರೆ ಮ್ಯಾನೇಜರ್ ಬಳಿ ಹೋಗುವ ಮೊದಲೇ ಇಬ್ಬರೂ ಕೂತು ಮಾತಾಡಿ: ಈ ಸಲ ದಸರಾ ನಿಮಗೆ, ದೀಪಾವಳಿ ಅವರಿಗೆ.

ಎಲ್‌ಟಿಎ (ರಜೆಯ ಪ್ರಯಾಣಕ್ಕೆ ಕಂಪನಿ ಕೊಡುವ ಭತ್ಯೆ) ಬಳಸುವವರು ಒಂದು ವಿಷಯ ನೋಡಿಕೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದಕ್ಕೆ ತೆರಿಗೆ ವಿನಾಯಿತಿ, ಅದೂ ದೇಶದೊಳಗಿನ ಪ್ರಯಾಣದರಕ್ಕಷ್ಟೇ, ಹೋಟೆಲಿಗಿಲ್ಲ. ನಾಲ್ಕು ಕ್ಯಾಲೆಂಡರ್ ವರ್ಷಗಳ ಅವಧಿಯಲ್ಲಿ ಎರಡು ಪ್ರಯಾಣ. 2022–25ರ ಅವಧಿಯಲ್ಲಿ ಬಳಸದೆ ಉಳಿದ ಒಂದನ್ನು 2026ರೊಳಗೆ ಮಾಡಬಹುದು, 2027ಕ್ಕೆ ಅದು ಇಲ್ಲ.

ಹೊರಡುವ ಹತ್ತು ದಿನ ಮೊದಲು ಹ್ಯಾಂಡೋವರ್ ಶುರುವಾಗಬೇಕು. ಕೊನೆಯ ಎರಡು ದಿನ ನಿಮ್ಮ ಕೆಲಸವನ್ನು ಅವರೇ ಮಾಡಲಿ, ನೀವು ಪಕ್ಕದಲ್ಲಿರಿ. ಪಾಸ್‌ವರ್ಡ್ ಇಲ್ಲ, ಅನುಮತಿ ಇಲ್ಲ, ಫೈಲ್ ಎಲ್ಲಿದೆ ಗೊತ್ತಿಲ್ಲ ಎಂಬ ತೊಡಕುಗಳೆಲ್ಲ ಹೊರಬೀಳುವುದು ಆಗಲೇ. ಬರೀ ಕಾಗದದಲ್ಲಿ ಬರೆದುಕೊಟ್ಟು ಹೋದರೆ ಮೂರನೇ ದಿನ ಫೋನ್ ಬರುತ್ತದೆ. ಮರಳುವಾಗ ಭಾನುವಾರ ರಾತ್ರಿ ಬಸ್ ಇಳಿದು ಸೋಮವಾರ ಕಚೇರಿಗೆ ಓಡಬೇಡಿ, ಶನಿವಾರ ಮನೆ ಸೇರಿ. ಒಂದು ರಜೆ ಉಳಿದಿದ್ದರೆ ಸೋಮವಾರಕ್ಕೂ ಹಾಕಿ, ಮೊದಲ ವಾರ ನಾಲ್ಕೇ ದಿನವಾಗುತ್ತದೆ.

‘ಈಗ ಆಗೋದಿಲ್ಲ’ ಅಂದರೆ ಸುಮ್ಮನೆ ವಾಪಸು ಬರಬೇಡಿ. ಹಾಳೆಯಲ್ಲಿ ಉಳಿದಿರುವ ಎರಡನೇ ಕಿಂಡಿಯನ್ನು ಅಲ್ಲೇ ಮುಂದಿಡಿ, ಮತ್ತು ನಿರಾಕರಣೆಯನ್ನು ಬರಹದಲ್ಲಿ ಪಡೆಯಿರಿ. ಕಾರ್ಖಾನೆಯವರಿಗೆ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು 30 ದಿನದ ಮಿತಿಯಿದೆ, ಆದರೆ ಕ್ರಮವಾಗಿ ಅರ್ಜಿ ಹಾಕಿಯೂ ನಿರಾಕರಿಸಲ್ಪಟ್ಟ ರಜೆಗೆ ಆ ಮಿತಿ ಅನ್ವಯಿಸುವುದಿಲ್ಲ. ಬಾಯಿಮಾತಲ್ಲಿ ಕೇಳಿ ಬಾಯಿಮಾತಲ್ಲೇ ಬೇಡವೆನಿಸಿಕೊಂಡ ರಜೆಗೆ ಯಾವ ದಾಖಲೆಯೂ ಇರುವುದಿಲ್ಲ.